ಕಣವಾದ ಆಟದ ಬಯಲು

1951ನೇ ಇಸವಿ ಜುಲೈ 9, ಸೋಮವಾರ, ಮಧ್ಯಾಹ್ನ ಒಂದು ಗಂಟೆ ಐದು ನಿಮಿಷ. ಈ ಸಂಗತಿ ಶುರುವಾದದ್ದು ಆಗ. ಗಂಟೆ ನನ್ನ ಕೈಗಡಿಯಾರದ್ದು. ಬೀದರದ ನಮ್ಮ ಸೋದರಮಾವ ಕೊಟ್ಟ ಆ ಗಡಿಯಾರ ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತಿತ್ತು. ಆ ನಾಲ್ಕನ್ನು ಕೂಡಿಸಿಯೇ ಹೇಳುತ್ತಿದ್ದೇನೆ. ನಮ್ಮ ಶಾಲೆಯ ದೊಡ್ಡ ಮಾಸ್ತರರನ್ನು ಕೇಳಿದರೆ ಬೇರೆ ತಾರೀಖು ಹೇಳುತ್ತಾರೆ. ನಿಜಾಮರ ಕಾಲದ ಫಸಲಿ ಇಸವಿಯ ಲೆಕ್ಕ ಎಲ್ಲ ಕಡೆಯಿಂದ ಹೊರಟು ನಿಂತಿದ್ದರೂ ಅವರ ಹಾಜರಿ ಪುಸ್ತಕದಿಂದ ಹೊರಟಿರಲಿಲ್ಲ. ಹೀಗಾಗಿ ಒಂದೇ ಶಾಲೆಯಲ್ಲಿ ಅವರು ಒಂದು ವರ್ಷದಲ್ಲಿ, ನಾನು ಇನ್ನೊಂದು ವರ್ಷದಲ್ಲಿ ಪಾಠ ಹೇಳುತ್ತಿದ್ದೆವು. ಹಸಿವು ಮಾತ್ರ ಇಬ್ಬರಿಗೂ ಒಂದೇ ಹೊತ್ತಿಗೆ ಆಗುತ್ತಿತ್ತು.

ಆ ಊರು ಭಾಲ್ಕಿಯಿಂದ ಔರಾದ ಕಡೆಗೆ ಹೋಗುವ ದಾರಿಯಲ್ಲಿದೆ. ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿನವರು ನನ್ನನ್ನು ಕಂಡಲ್ಲಿ ಹಿಡಿದು, ಊಟಕ್ಕೆ ಕೂಡಿಸಿ, ಬಡಿಸುತ್ತ ಬಡಿಸುತ್ತ ಬೈಯುತ್ತಾರೆ. ನನಗಾಗ ಹತ್ತೊಂಬತ್ತು ವರ್ಷ. ಬೀದರದಲ್ಲಿ ಓದು ಮುಗಿಸಿ ನೇರವಾಗಿ ಅಲ್ಲಿಗೆ ಬಂದಿದ್ದೆ. ಶಾಲೆಗೆ ಇದ್ದವರು ನಾವಿಬ್ಬರೇ. ಊರಿನವರು ಅವರನ್ನು ದೊಡ್ಡ ಮಾಸ್ತರ ಎಂದೂ ನನ್ನನ್ನು ಸಣ್ಣ ಮಾಸ್ತರ ಎಂದೂ ಕರೆಯುತ್ತಿದ್ದರು. ನಾನು ಅವರಿಗಿಂತ ಒಂದು ಗೇಣು ಎತ್ತರವಿದ್ದೆ. ಅದರಿಂದ ಏನೂ ವ್ಯತ್ಯಾಸವಾಗಲಿಲ್ಲ.

ಶಾಲೆ ಇದ್ದದ್ದು ಒಬ್ಬ ಹಳೆಯ ಜಾಗೀರದಾರರ ವಾಡೆಯಲ್ಲಿ. ಎರಡಾಳು ಎತ್ತರದ ಬಾಗಿಲು, ಒಳಗೆ ಸಣ್ಣ ಅಂಗಳ, ಅದರಾಚೆ ಎರಡು ಕೋಣೆ. ನಾನು ಬಂದ ಮೊದಲ ದಿನ, ಅಂದರೆ ಆ ಜುಲೈ 9ರಂದು, ಒಂದು ಗಂಟೆಗೆ ನಡು ಸುಟ್ಟಿಯ, ಊಟದ ಬಿಡುವಿನ, ಗಂಟೆ ಹೊಡೆಯಿತು. ಮಕ್ಕಳು ಓಡುತ್ತಾರೆ ಎಂದುಕೊಂಡು ನಾನು ಗೋಡೆಗೆ ಒತ್ತಿ ನಿಂತೆ. ಯಾರೂ ಓಡಲಿಲ್ಲ. ಐವತ್ತೆಂಟು ಮಕ್ಕಳು ಸಾಲಾಗಿ ಅಂಗಳಕ್ಕೆ ಬಂದು, ಸಾಲಾಗಿಯೇ ಕೂತು, ರೊಟ್ಟಿ ಬಿಚ್ಚಿದರು. ದೊಡ್ಡ ಮಾಸ್ತರರು ಬಾಗಿಲಿಗೆ ಅಗಳಿ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕುರ್ಚಿಯ ಮೇಲೆ ಕೂತು, ತುಟಿ ಅಲ್ಲಾಡಿಸುತ್ತ ತಲೆ ಎಣಿಸಿದರು. ಅರ್ಧ ಗಂಟೆ ಆದ ಮೇಲೆ ಮತ್ತೊಮ್ಮೆ ಎಣಿಸಿದರು. ಅಷ್ಟರೊಳಗೆ ನಾನು ನನ್ನ ದಿನಚರಿಯಲ್ಲಿ ಬರೆದುಕೊಂಡೆ: ಓಡಿದವರು ಇಲ್ಲ, ಕೂಗಿದವರು ಇಲ್ಲ, ನಿದ್ದೆ ಹೋದವರು ಏಳು.

ಬಾಗಿಲಿನ ಆಚೆ ಸುಮಾರು ಒಂದು ಎಕರೆ ಬಯಲು ಖಾಲಿ ಬಿದ್ದಿತ್ತು.

ಯಾಕೆ ಹೀಗೆ ಎಂದು ಕೇಳುವುದಕ್ಕೆ ನನಗೆ ಒಂದು ವಾರ ಬೇಕಾಯಿತು. ದೊಡ್ಡ ಮಾಸ್ತರರು ಹೇಳುವುದಕ್ಕೆ ಎರಡು ಮಾತು ಸಾಕಾದವು. ಉಳಿದದ್ದನ್ನು ನಾನು ಊರಿನವರಿಂದ ಕೇಳಿ ಕೂಡಿಸಿಕೊಂಡೆ. ನಿಜಾಮರ ರಾಜ್ಯ ಮುಗಿಸಿದ ಪೊಲೀಸ್ ಆಕ್ಷನ್ ಆದ ವರ್ಷ ಯಾವ ದಾರಿಯಿಂದ ಯಾರು ಬರುತ್ತಾರೆಂಬುದು ಯಾರಿಗೂ ಗೊತ್ತಿರಲಿಲ್ಲ. ಅದಕ್ಕೆ ಮೊದಲು ಒಬ್ಬರ ಹೆದರಿಕೆ, ಆಮೇಲೆ ಇನ್ನೊಬ್ಬರ ಹೆದರಿಕೆ. ಒಂದು ಮಧ್ಯಾಹ್ನ ಮಕ್ಕಳು ಬಯಲಲ್ಲಿ ಆಡುತ್ತಿದ್ದಾಗ ಭಾಲ್ಕಿಯ ಕಡೆಯಿಂದ ಗದ್ದಲ ಕೇಳಿತು. ದೊಡ್ಡ ಮಾಸ್ತರರು ಎಲ್ಲರನ್ನೂ ಒಳಗೆಳೆದುಕೊಂಡು ಅಗಳಿ ಹಾಕಿ ಎಣಿಸಿದರು. ಒಂದು ತಲೆ ಕಡಿಮೆ ಇತ್ತು. ಹೊರಗೆ ಹೋದರೆ ಒಳಗಿನವರ ಗತಿಯೇನು, ಹೋಗದಿದ್ದರೆ ಹೊರಗಿನವನ ಗತಿಯೇನು ಎಂದು ಆ ಬಾಗಿಲಲ್ಲೇ ನಿಂತು ಸಂಜೆ ಮಾಡಿದರು. ಹೊತ್ತು ಮುಳುಗಿದ ಮೇಲೆ ಆ ಹುಡುಗ ಎದೆ ಎತ್ತರದ ಜೋಳದಿಂದ ಕಣ್ಣುಜ್ಜುತ್ತ ಎದ್ದು ಬಂದ, ಮಲಗಿಬಿಟ್ಟಿದ್ದನಂತೆ. ಗದ್ದಲವೂ ಬೇರೆ ಊರಿನ ಕಡೆ ಹೋಗಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಮೂರು ವರ್ಷವಾದರೂ ಆ ಅಗಳಿ ನಡು ಸುಟ್ಟಿಯಲ್ಲಿ ತೆರೆದಿರಲಿಲ್ಲ.

ಇದನ್ನು ಕೇಳಿದ ಮೇಲೂ ನಾನು ಸುಮ್ಮನಿರಲಿಲ್ಲ. ಹತ್ತೊಂಬತ್ತು ವರ್ಷದವನಿಗೆ ಸುಮ್ಮನಿರುವುದು ಬರುವುದಿಲ್ಲ. ನಡು ಸುಟ್ಟಿಯ ನಂತರದ ಪಾಠದಲ್ಲಿ ಎಷ್ಟು ಮಂದಿ ತೂಕಡಿಸುತ್ತಾರೆಂದು ದಿನವೂ ಗೀಟು ಎಳೆದು, ಹದಿನೈದು ದಿನದ ಗೀಟುಗಳನ್ನು ಅವರ ಮುಂದಿಟ್ಟೆ. ಅವರು ಕನ್ನಡಕ ಮೇಲೆ ಸರಿಸಿ ಬಹಳ ಹೊತ್ತು ನೋಡಿದರು.

"ಇದರಾಗ ನಂದೂ ಒಂದು ಗೀಟು ಅದ ಏನ್ರಿ?" ಎಂದು ಕೇಳಿದರು.

ಇತ್ತು. ಎರಡಿದ್ದವು. ಗುರುಗಳನ್ನು ಬಿಟ್ಟು ಎಣಿಸಿದ್ದೇನೆ ಎಂದೆ.

ಅವರು ನಕ್ಕರೋ ಇಲ್ಲವೋ ಮೀಸೆಯಿಂದಾಗಿ ತಿಳಿಯಲಿಲ್ಲ. ಆದರೆ ಒಪ್ಪಿದರು. ದೀಪಾವಳಿ ಆದ ಮೇಲೆ ತಾಲೀಮ ಖಾತೆಯ, ಅಂದರೆ ಶಿಕ್ಷಣ ಇಲಾಖೆಯ, ಇನ್ಸ್‌ಪೆಕ್ಟರ್ ಸಾಹೇಬರು ಬರುವವರಿದ್ದರು. ಅಲ್ಲಿಯ ತನಕ ನಡು ಸುಟ್ಟಿ ಬಯಲಲ್ಲಿ. "ಒಂದು ತಲಿ ಕಡಿಮಿ ಬಿತ್ತಂದ್ರ, ಯಾವಂದರ ಕೈ ಮುರಿತಂದ್ರ, ಬಾಗಿಲ ಬಂದ್. ನಾ ಈ ಸಾಲ್ಯಾಗ ಇರೂ ತನಕ ಮತ್ತ ಕೇಳಬಾರ್ದು ನೀವು." ನಾನು ಕೇಳುವುದಿಲ್ಲ ಎಂದು ಮಾತು ಕೊಟ್ಟೆ.

ಮರುದಿನ ಬಾಗಿಲು ತೆರೆಯಿತು. ಮಕ್ಕಳು ಸಾಲಾಗಿ ಹೊರಗೆ ಬಂದರು, ಗೋಡೆಯ ನೆರಳಿನಲ್ಲಿ ಸಾಲಾಗಿ ಕೂತರು, ರೊಟ್ಟಿ ಬಿಚ್ಚಿದರು. ಎದುರಿಗೆ ಒಂದು ಎಕರೆ ಬಯಲು. ಅದನ್ನು ಅವರು ಪರ ಊರಿನವರ ಹೊಲ ನೋಡಿದ ಹಾಗೆ ನೋಡಿದರು. ಹುಡುಗಿಯರಂತೂ ಹೊಸ್ತಿಲು ದಾಟಲಿಲ್ಲ. ದೊಡ್ಡ ಮಾಸ್ತರರು ಕುರ್ಚಿಯನ್ನು ಹೊಸ್ತಿಲಲ್ಲೇ ಹಾಕಿಕೊಂಡು, ನನ್ನ ಕಡೆ ನೋಡಿ, ಈಗ ಗೀಟು ಎಳೀರಿ ಎಂದರು.

ಮಕ್ಕಳನ್ನು ಎಬ್ಬಿಸಲು ನಾನೇ ಓಡಬೇಕಾಯಿತು. ಪಂಚೆ ಎತ್ತಿ ಕಟ್ಟಿ ಬಯಲಿನ ಆ ತುದಿಗೆ ಓಡಿ, ಈ ತುದಿಗೆ ಬರುವಾಗ ಒಂದು ಕಲ್ಲು ಎಡವಿ ಬಿದ್ದೆ. ಮೂರು ವರ್ಷದಲ್ಲಿ ಆ ಶಾಲೆಯಲ್ಲಿ ಮಕ್ಕಳು ಅಷ್ಟು ನಕ್ಕಿರಲಿಲ್ಲ. ನಗುತ್ತ ಎದ್ದರು, ಎದ್ದವರು ಓಡಿದರು, ಓಡಿದವರು ನನ್ನ ಹಾಗೆಯೇ ಬಿದ್ದರು. ಆ ವರ್ಷ ಮಳೆ ತಡವಾಗಿತ್ತು; ಅದು ಕಲ್ಲು, ಮುಳ್ಳು, ಒಣಗಿ ಬಿರಿದ ಕಪ್ಪು ಎರೆಮಣ್ಣಿನ ಬಯಲು. ಬಿರುಕಿನಲ್ಲಿ ಗೋಲಿ ಬಿದ್ದರೆ ಹೋಯಿತು. ಪುಟ್ಟ ಪಾದವೂ ಸಿಕ್ಕಿಕೊಳ್ಳುತ್ತಿತ್ತು. ವಾರದ ಕೊನೆಗೆ ನನ್ನ ದಿನಚರಿಯಲ್ಲಿ ತೂಕಡಿಕೆಯ ಗೀಟು ಇಳಿದು ತರಚಿದ ಮೊಳಕಾಲಿನ ಗೀಟು ಏರಿತ್ತು. ದೊಡ್ಡ ಮಾಸ್ತರರು ಮನೆಯಿಂದ ಅರಿಶಿನದ ಡಬ್ಬಿ ತಂದಿಟ್ಟರು. ಡಬ್ಬಿ ಬರಿದಾಗುವುದನ್ನು ಅವರು ನೋಡುತ್ತಿದ್ದರು. ಅವರು ನೋಡುವುದನ್ನು ನಾನು ನೋಡುತ್ತಿದ್ದೆ.

ಆಗ ನಾನು ಮುತ್ಯಾರ ಹತ್ತಿರ ಹೋದೆ. ಊರಿಗೆಲ್ಲ ಅವರು ಮುತ್ಯಾ, ಅಂದರೆ ಅಜ್ಜ. ಕೊರಳಲ್ಲಿ ಲಿಂಗ, ತಲೆಗೆ ಬಿಳಿ ರುಮಾಲು, ಬಾಯಲ್ಲಿ ಸದಾ ಶರಣು. ಊರಲ್ಲಿ ಎಲ್ಲರಿಗಿಂತ ಒಳ್ಳೆಯ ಎತ್ತಿನ ಜೋಡಿ ಅವರದು. ಮೊಮ್ಮಗಳು ನಮ್ಮಲ್ಲಿ ಮೂರನೇ ಇಯತ್ತೆಯಲ್ಲಿದ್ದಳು. ಬಯಲಿನ ಕಲ್ಲು ತೆಗೆಸಬೇಕು, ಬಿದ್ದರೆ ಮಕ್ಕಳಿಗೆ ಪೆಟ್ಟಾಗದ ಹಾಗೆ ನೆಲ ಮೆತ್ತಗಾಗಬೇಕು ಎಂದು ಹೇಳಿದೆ. ಮುತ್ಯಾ ಯೋಚಿಸಲೂ ಇಲ್ಲ. ಅದೇನು ದೊಡ್ಡ ಕೆಲಸ, ನೀವು ಬೀದರಕ್ಕೆ ಹೋಗಿ ಬರ್ರಿ, ಐತವಾರ ಮುಗಿಸಿಡುತ್ತೇವೆ ಎಂದರು. ನಾನು ಸಂತೋಷದಿಂದ ಭಾಲ್ಕಿಗೆ ನಡೆದು ರೈಲು ಹತ್ತಿದೆ. ಹಲಬರ್ಗಾ ದಾಟುವ ತನಕ ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡಿದ್ದು ನೆನಪಿದೆ.

ಆಗಸ್ಟ್ 13, ಸೋಮವಾರ ಮುಂಜಾನೆ ಮರಳಿ ಬಂದಾಗ ದೊಡ್ಡ ಮಾಸ್ತರರು ವಾಡೆಯ ಹೊಸ್ತಿಲಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಎದುರಿಗೆ ಬಯಲಿರಲಿಲ್ಲ. ಹೊಲವಿತ್ತು. ಈ ತುದಿಯಿಂದ ಆ ತುದಿಗೆ ನೇಗಿಲು ಹೊಡೆದು, ಕುಂಟೆ ಹಾಯಿಸಿ, ಗೊಬ್ಬರ ಚೆಲ್ಲಿದ್ದರು. ಕಲ್ಲುಗಳನ್ನೆಲ್ಲ ಆರಿಸಿ ಬದುವಿಗೆ ಒಟ್ಟಿದ್ದರು. ನೆಲ ಮೆತ್ತಗೆ ಮಾಡುವುದು ಎಂದರೆ ಆ ಊರಿನವರಿಗೆ ಗೊತ್ತಿದ್ದದ್ದು ಅದೊಂದೇ ದಾರಿ, ಅದನ್ನು ಅವರು ಮನಸ್ಸಿಟ್ಟು ಮಾಡಿದ್ದರು.

"ಮಾಸ್ತರ," ಎಂದರು ದೊಡ್ಡ ಮಾಸ್ತರರು, "ಜ್ವಾಳ ಬಿತ್ತೂದಾ, ಕಡ್ಲಿ ಬಿತ್ತೂದಾ?"

ಮುತ್ಯಾ ಬಂದು, ಬಗ್ಗಿ, ಒಂದು ಹಿಡಿ ಮಣ್ಣನ್ನು ಹಿಸುಕಿ ತೋರಿಸಿದರು. ಬೆಣ್ಣೆಯ ಹಾಗಿತ್ತು. ಛಲೋ ಆಗ್ಯಾದ ಎಂದೆ.

ನಿಜ ಹೇಳಬೇಕೆಂದರೆ ಆ ವಾರ ಛಲೋ ಆಗಿಯೇ ಇತ್ತು. ಹುತುತು ಆಡಿ ಒಬ್ಬರ ಮೇಲೊಬ್ಬರು ಬಿದ್ದರೂ ಮೊಳಕಾಲಿಗೆ ಏನೂ ಆಗುತ್ತಿರಲಿಲ್ಲ. ಅರಿಶಿನದ ಡಬ್ಬಿ ಮುಚ್ಚಿಯೇ ಇತ್ತು. ಹುಡುಗಿಯರು ಹೊಸ್ತಿಲು ದಾಟಿ, ಒಟ್ಟಿದ ಕಲ್ಲಿನಿಂದ ಲಗೋರಿ ಕಟ್ಟಿದರು. ಆಮೇಲೆ ಮಳೆ ಬಂತು.

ಎರೆಮಣ್ಣಿಗೆ ಮಳೆ ಬಿದ್ದರೆ ಏನಾಗುತ್ತದೆಂದು ಭಾಲ್ಕಿ ಔರಾದದವರಿಗೆ ಹೇಳಬೇಕಾಗಿಲ್ಲ. ಬೀದರದ ಕೆಂಪು ನೆಲದ ಮೇಲೆ ಬೆಳೆದ ನನಗೆ ಗೊತ್ತಿರಲಿಲ್ಲ. ಹೊರಗೆ ಹೋದ ಮಕ್ಕಳು ಆನೆಯ ಕಾಲು ಹಚ್ಚಿಕೊಂಡು ಬಂದರು. ಒಂದೊಂದು ಹೆಜ್ಜೆಗೆ ಒಂದೊಂದು ಸೇರು ಮಣ್ಣು. ಕೋಣೆಯ ಫರಸಿ ಕಲ್ಲು ಕಾಣದಾಯಿತು. ಪಾಟಿಯ ಮೇಲೆ ಮಣ್ಣು, ಹಾಜರಿ ಪುಸ್ತಕದ ಮೇಲೆ ಮಣ್ಣು, ಅವರ ಫಸಲಿಗೂ ನನ್ನ ಇಂಗ್ಲಿಷ್ ತಾರೀಖಿಗೂ ಸಮನಾಗಿ ಮಣ್ಣು. ಒಂದು ಮಗು ಹೊಲದ ನಡುವೆ ಹುಗಿದುಕೊಂಡು ನಿಂತುಬಿಟ್ಟಿತು; ಅದನ್ನು ಕಿತ್ತು ತರಲು ಹೋದ ನಾನೂ ನಿಂತುಬಿಟ್ಟೆ. ನಮ್ಮಿಬ್ಬರನ್ನೂ ಮುತ್ಯಾರ ಮಗ ಬಂದು ಕಿತ್ತ.

ದೊಡ್ಡ ಮಾಸ್ತರರು ಬೈಯಲಿಲ್ಲ. ಬಾಗಿಲು ಮುಚ್ಚಿ ಅಗಳಿ ಹಾಕಿದರು. ಮಳೆ ಹೋಗಲಿ, ನೋಡೋಣ ಎಂದರು. ಆ 'ನೋಡೋಣ' ಹೇಗಿತ್ತೆಂದರೆ, ನಾನು ಆ ದಿನದ ಪುಟದಲ್ಲಿ ಏನೂ ಬರೆಯಲಿಲ್ಲ. ಮಕ್ಕಳು ಮತ್ತೆ ಸಾಲಾಗಿ ಕೂತರು. ಆದರೆ ಈಗ ಬಾಗಿಲಿನ ಸಂದಿಯಲ್ಲಿ ಸದಾ ಒಂದು ಕಣ್ಣು ಇರುತ್ತಿತ್ತು. ಒಬ್ಬರು ಸರಿದರೆ ಇನ್ನೊಬ್ಬರದು.

ಸೆಪ್ಟೆಂಬರ್ ಪೂರ್ತಿ ಹಾಗೆಯೇ ಹೋಯಿತು. ನಾನು ಮುತ್ಯಾರ ಕಟ್ಟೆಗೆ ಹೋಗಿ, ನಿಮ್ಮ ಮೆತ್ತನೆಯ ನೆಲದಿಂದ ಮಕ್ಕಳು ಒಳಗೆ ಬಿದ್ದಿದ್ದಾರೆ ಎಂದು ಸ್ವಲ್ಪ ಬಿರುಸಾಗಿಯೇ ಹೇಳಿದೆ. ಅವರು ಎಲೆ ಅಡಿಕೆ ಹಾಕಿಕೊಂಡು ನನ್ನನ್ನೇ ನೋಡಿದರು.

"ಮೆತ್ತಗ ಬೇಕಂದ್ರಿ, ಮೆತ್ತಗ ಮಾಡಿದೆ. ಓಡ್ಲಾಕ ಬೇಕಂದಿದ್ರ ಕಣ ಮಾಡ್ತಿದ್ದೆ. ನೀವು ಹೇಳಬೇಕಲ್ರಿ. ಬೀದರದಾಗ ರಾಶಿ ಎಲ್ಲಿ ಮಾಡ್ತಾರ, ಬಜಾರದಾಗ?"

ರಾಶಿ ಮಾಡುವ ಕಣವನ್ನು ನಾನು ಕಂಡಿದ್ದೆ. ತೆನೆ ತುಳಿಸಿ ಕಾಳು ತೂರುವ ಆ ನೆಲ ಮನೆಯ ಪಡಸಾಲೆಗಿಂತ ಸಮ, ಬಿರುಕಿಲ್ಲ, ಕಲ್ಲಿಲ್ಲ, ಧೂಳಿಲ್ಲ. ಅದು ನಮಗೆ ಬೇಕಾದ ಬಯಲು ಎಂದು ಆ ಕ್ಷಣದ ತನಕ ಹೊಳೆದಿರಲಿಲ್ಲ.

ಅಕ್ಟೋಬರ್ ನಡುವಿಗೆ ಮಳೆ ನಿಂತು ನೆಲ ಹದಕ್ಕೆ ಬಂತು. ಮುತ್ಯಾ ಬಯಲಿನ ಅರ್ಧ ಭಾಗಕ್ಕೆ ನೀರು ಚಿಮುಕಿಸಿ, ಹೊಟ್ಟು ಹರಡಿ, ಎತ್ತುಗಳನ್ನು ಸುತ್ತ ಹೊಡೆದರು. ಕುರುಬರ ಓಣಿಯವರು ತಮ್ಮ ಕುರಿ ಮಂದೆಯನ್ನೂ ಒಂದು ಸುತ್ತು ಹೊಡೆದು ಹೋದರು. ಆದರೂ ತುಳಿಯಲು ಕಾಲು ಸಾಲವು ಎಂದರು ಮುತ್ಯಾ. ಹೇಳುತ್ತ ಅವರು ಬಾಗಿಲಿನ ಸಂದಿಯ ಕಡೆ ನೋಡಿದರು.

ದೊಡ್ಡ ಮಾಸ್ತರರು ಬಹಳ ವಿಚಾರ ಮಾಡಿದರು. ಆಟಕ್ಕಾದರೆ ಬಾಗಿಲು ತೆರೆಯಲು ಅವರ ಮನಸ್ಸು ಒಪ್ಪುತ್ತಿರಲಿಲ್ಲ. ಇದು ಆಟವಲ್ಲ, ಕೆಲಸ ಎಂದೆ. ಕೆಲಸವಾದರೆ ಅಡ್ಡಿಯಿಲ್ಲ ಎಂದು ಅಗಳಿ ತೆಗೆದರು. ಐವತ್ತೆಂಟು ಮಕ್ಕಳು ಹೆಗಲ ಮೇಲೆ ಕೈ ಹಾಕಿ, ಒಬ್ಬರ ಹಿಂದೊಬ್ಬರು, ಹಸಿ ಮಣ್ಣನ್ನು ತುಳಿಯುತ್ತ ಸುತ್ತಿದರು. ಮಗ್ಗಿ ಕೂಗುತ್ತ ತುಳಿಯಬೇಕೆಂದು ಅವರ ಅಪ್ಪಣೆಯಾಗಿತ್ತು. ಎರಡರ ಮಗ್ಗಿಗೆ ನಡೆದರು, ಐದರ ಮಗ್ಗಿಗೆ ಕುಣಿದರು, ಏಳರ ಮಗ್ಗಿ ಯಾರಿಗೂ ಸರಿಯಾಗಿ ಬಾರದಿದ್ದರಿಂದ ಅಲ್ಲಿ ಬರೀ ಕೇಕೆ. ನಾನು ನೋಡಿದ ನಡು ಸುಟ್ಟಿಗಳಲ್ಲೆಲ್ಲ ಅದೇ ಅತ್ಯುತ್ತಮ. ನಾಲ್ಕು ದಿನ ಹೀಗೆ ನಡೆಯಿತು. ಆಮೇಲೆ ಓಣಿಯ ಹೆಣ್ಣುಮಕ್ಕಳು ಬಂದು ಸೆಗಣಿ ಹಾಕಿ ಸಾರಿಸಿದರು. ಮುತ್ಯಾ ನಡುವೆ, ರಾಶಿಯ ಎತ್ತು ಕಟ್ಟುವ ಮೇಟಿ ಕಂಬ ನಿಲ್ಲಿಸಿದರು. ಆಟದ ಬಯಲಿಗೆ ಕಂಬ ಯಾಕೆ ಎಂದು ಕೇಳಿದೆ. ಮೇಟಿ ಇಲ್ಲದ ಕಣ ಇರುತ್ತದೆಯೇ ಎಂದು ಅವರು ನನ್ನನ್ನೇ ಕೇಳಿದರು.

ಕೆಲಸಕ್ಕೆಂದು ತೆಗೆದ ಅಗಳಿಯನ್ನು ದೊಡ್ಡ ಮಾಸ್ತರರು ನಡು ಸುಟ್ಟಿಯಲ್ಲಿ ಮತ್ತೆ ಹಾಕಲಿಲ್ಲ. ಕಣವಾದ ಮೇಲೆ ಕಣದ ಕಟ್ಟಳೆಗಳೂ ಬಂದವು. ಬುಗುರಿ ಆಡುವ ಹಾಗಿಲ್ಲ. ಮೊಳೆ ನೆಲವನ್ನು ಕೆದರುತ್ತದೆ. ಉಗುಳುವ ಹಾಗಿಲ್ಲ. ಕಾಲಿಗೆ ಏನನ್ನಾದರೂ ಮೆಟ್ಟಿಕೊಂಡು ಏರುವ ಹಾಗಿಲ್ಲ. ಮಕ್ಕಳಿಗೆ ಚಿಂತೆಯಿರಲಿಲ್ಲ, ಅವರ ಹತ್ತಿರ ಚಪ್ಪಲಿಯೇ ಇರಲಿಲ್ಲ. ನಾನು ಚಪ್ಪಲಿ ಬಿಟ್ಟೆ. ಸದಾ ಶೇರವಾನಿಯಲ್ಲಿರುತ್ತಿದ್ದ ದೊಡ್ಡ ಮಾಸ್ತರರು ಬೂಟು ಬಿಡಲಿಲ್ಲ, ಕಣ ಏರಲೂ ಇಲ್ಲ. ಅವರ ಪಾದ ಊರಲ್ಲಿ ಯಾರೂ ಕಂಡಿರಲಿಲ್ಲ. ಅವಕ್ಕೂ ಶೇರವಾನಿ ಇದೆ ಎಂದು ದೊಡ್ಡ ಹುಡುಗರು ಆಡಿಕೊಳ್ಳುತ್ತಿದ್ದರು. ಅವರು ಹೊಸ್ತಿಲ ಕುರ್ಚಿಯಿಂದಲೇ ತಲೆ ಎಣಿಸುತ್ತಿದ್ದರು. ಓಡುವ ತಲೆಗಳನ್ನು ಎಣಿಸುವುದು ಕಷ್ಟ; ಪ್ರತಿ ಸಲವೂ ಐವತ್ತೆಂಟು ಬರುವ ತನಕ ಅವರು ಉಸಿರು ಬಿಡುತ್ತಿರಲಿಲ್ಲ.

ನವೆಂಬರ್ 21, ಬುಧವಾರ. ಇನ್ಸ್‌ಪೆಕ್ಟರ್ ಸಾಹೇಬರು ಭಾಲ್ಕಿಯಿಂದ ಟಾಂಗಾದಲ್ಲಿ ಬಂದರು. ಹ್ಯಾಟು, ಕೋಲು, ಮಿರಿಮಿರಿ ಬೂಟು. ಮಗ್ಗಿ ಕೇಳಿದರು, ಏಳನ್ನು ಬಿಟ್ಟು ಎಲ್ಲ ಬಂದವು. ನಡು ಸುಟ್ಟಿಗೆ ಹೊರಗೆ ಬಂದವರು ಕಣವನ್ನು ನೋಡಿ ಖುಷಿಯಾಗಿ ಕಾಲಿಡಲು ಹೋದರು. ಮುತ್ಯಾ ಅಡ್ಡ ಬಂದು ಕೈ ಮುಗಿದರು.

"ಶರಣ್ರಿ ಸಾಹೇಬ್ರ. ಬೂಟು ಇಲ್ಲೇ ಬಿಡ್ರಿ. ಕಣ ಅದ."

ದೊಡ್ಡ ಮಾಸ್ತರರು ಮುತ್ಯಾರಿಗೆ ಕಣ್ಸನ್ನೆ ಮಾಡಿದರು. ಸಾಹೇಬರು ಮುತ್ಯಾರನ್ನು ನೋಡಿದರು, ನೆಲವನ್ನು ನೋಡಿದರು. ಆಮೇಲೆ ಕಲ್ಲಿನ ಮೇಲೆ ಕೂತು ಬೂಟು ಬಿಚ್ಚತೊಡಗಿದರು. ಅವರೂ ರೈತರ ಮನೆಯವರೇ ಇರಬೇಕು, ಕೇಳುವ ಧೈರ್ಯ ನನಗಾಗಲಿಲ್ಲ. ಎಡ ಕಾಲುಚೀಲದಿಂದ ಹೆಬ್ಬೆರಳು ಹೊರಗೆ ನೋಡುತ್ತಿತ್ತು. ಮಕ್ಕಳು ನಗಲಿಲ್ಲ, ನಗದೆ ಇರಲು ಪಟ್ಟ ಕಷ್ಟಕ್ಕೆ ಅವರಿಗೆ ಆ ವರ್ಷ ಪಾಸು ಕೊಡಬಹುದಿತ್ತು.

ಸಾಹೇಬರು ಮೇಟಿಯ ಹತ್ತಿರ ನಿಂತು ಹುತುತು ನೋಡುತ್ತಿದ್ದಾಗ ನಾನು ಹೊಸ್ತಿಲ ಕಡೆ ತಿರುಗಿದೆ. ದೊಡ್ಡ ಮಾಸ್ತರರ ತುಟಿ ಅಲ್ಲಾಡುತ್ತಿತ್ತು. ನಿಂತಿತು. ಮತ್ತೆ ಮೊದಲಿನಿಂದ ಅಲ್ಲಾಡಿತು. ಮತ್ತೆ ನಿಂತಿತು. ನಾನೂ ಎಣಿಸಿದೆ. ಐವತ್ತೇಳು.

ಅವರು ಕುರ್ಚಿಯಿಂದ ಎದ್ದರು. ಗದ್ದಲದ ವರ್ಷದ ಆ ಮಧ್ಯಾಹ್ನ ಅವರ ಮುಖ ಹೇಗಿತ್ತೆಂದು ನನಗೆ ಯಾರೂ ಹೇಳಿರಲಿಲ್ಲ, ಆದರೆ ಹೀಗೆಯೇ ಇದ್ದಿರಬೇಕು. ಅವರು ಓಡಿದರು. ಬೂಟು ಹಾಕಿಕೊಂಡೇ, ಸಾರಿಸಿದ ಕಣದ ನಟ್ಟನಡುವೆ, ಆಟವನ್ನು ಸೀಳಿಕೊಂಡು, ಆಚೆಯ ಜೋಳದ ಹೊಲದ ಬದುವಿನ ತನಕ ಓಡಿ, ಅಲ್ಲಿಂದ ಒಬ್ಬ ಹುಡುಗಿಯ ಹೆಸರು ಹಿಡಿದು ಕೂಗಿದರು. ಮುತ್ಯಾರ ಮೊಮ್ಮಗಳ ಹೆಸರು. ಎಣಿಸುವಷ್ಟರಲ್ಲೇ ಯಾರು ಇಲ್ಲವೆಂಬುದು ಅವರಿಗೆ ಗೊತ್ತಾಗಿತ್ತು. ಸಾಹೇಬರನ್ನು ತಡೆದಿದ್ದ ಮುತ್ಯಾ ಇವರನ್ನು ತಡೆಯಲಿಲ್ಲ.

"ಇಲ್ಲಿದ್ದೀನ್ರಿ," ಎಂದು ಟಾಂಗಾದ ಹಿಂದಿನಿಂದ ದನಿ ಬಂತು. ಅವಳು ಎದ್ದು ನಿಂತಳು. ಎರಡೂ ತೋಳಲ್ಲಿ ಸಾಹೇಬರ ಬೂಟುಗಳನ್ನು ಅವಚಿಕೊಂಡಿದ್ದಳು. "ನಾಯಿ ಒಯ್ತಾವ, ಕಾಯ್ಕೋತ ಕೂಡು ಅಂತ ಮುತ್ಯಾ ಹೇಳ್ಯಾನ್ರಿ."

ದೊಡ್ಡ ಮಾಸ್ತರರು ಬದುವಿನಿಂದ ಇಳಿದರು. ಮರಳಿ ಕಣದ ಅಂಚಿಗೆ ಬಂದು, ನೆಲದ ಮೇಲೆ ಒಂದರ ಹಿಂದೊಂದು ಮೂಡಿದ್ದ ತಮ್ಮ ಬೂಟಿನ ಗುರುತುಗಳನ್ನು ನೋಡಿದರು. ನಾನು ಶರ್ತನ್ನು ನೆನೆದೆ. ಒಂದು ತಲೆ ಕಡಿಮೆ ಬಿದ್ದಿತ್ತು. ಕೊಟ್ಟ ಮಾತಿನಂತೆ ಸುಮ್ಮನೆ ನಿಂತೆ.

ಅವರು ಕೂತು ಬೂಟು ಬಿಚ್ಚಿದರು. ಬಿಳಿಯ, ಮೆತ್ತನೆಯ, ಬಿಸಿಲು ಕಾಣದ ಪಾದಗಳು. ಮುತ್ಯಾ ನೀರು ಚಿಮುಕಿಸಿ ಗುರುತು ಒರೆಸಲು ಬಗ್ಗಿದರು. ದೊಡ್ಡ ಮಾಸ್ತರರೂ ಬಗ್ಗಿ ಜೊತೆಗೆ ಒರೆಸಿದರು. ಒರೆಸುತ್ತಲೇ, ನನ್ನ ಕಡೆ ನೋಡದೆ ಹೇಳಿದರು:

"ಬಾಗಿಲ ಹಾಕಿದ್ರೂ ನಾ ಎಣಸ್ತಿದ್ದೆ. ತೆಗದ್ರೂ ಎಣಸ್ತೇನಿ. ಅಷ್ಟಽ ಅದ. ಕುರ್ಚಿ ಇಲ್ಲಿ ತಂದು ಹಾಕ್ರಿ."

ನಾನು ಕುರ್ಚಿ ತಂದು ಕಣದ ಅಂಚಿಗೆ ಹಾಕಿದೆ. ಅವರು ಬಾಗಿಲಿಗೆ ಬೆನ್ನು, ಮಕ್ಕಳಿಗೆ ಮುಖ ಮಾಡಿ, ಬರಿಗಾಲಲ್ಲಿ ಕೂತರು. ಆ ದಿನ ಸಾಹೇಬರು ಏನು ಬರೆದುಕೊಂಡು ಹೋದರೋ ನಮಗೆ ತಿಳಿಯಲಿಲ್ಲ. ಏನೂ ಬರಲಿಲ್ಲವಾದ್ದರಿಂದ ಒಳ್ಳೆಯದನ್ನೇ ಬರೆದಿರಬೇಕು ಎಂದುಕೊಂಡೆವು.

ಜೋಳದ ಕೊಯ್ಲು ಮುಗಿದಾಗ ಊರಿನವರು ಕಣ ಕೇಳಿಕೊಂಡು ಬಂದರು. ಅಂಥ ಕಣ ಸುತ್ತ ಎಲ್ಲೂ ಇರಲಿಲ್ಲ. ಪಾಠದ ಹೊತ್ತಿನಲ್ಲಿ ರಾಶಿ, ನಡು ಸುಟ್ಟಿಯಲ್ಲಿ ಆಟ ಎಂದು ದೊಡ್ಡ ಮಾಸ್ತರರು ತೀರ್ಪು ಕೊಟ್ಟರು. ಗಂಟೆ ಹೊಡೆದ ಕೂಡಲೇ ಎತ್ತುಗಳು ಹೊರಗೆ, ಮಕ್ಕಳು ಒಳಗೆ. ಹೊಟ್ಟಿನ ಗುಡ್ಡೆಗೆ ಮಕ್ಕಳು ಹಾರುತ್ತಿದ್ದರೆ ದೊಡ್ಡ ಮಾಸ್ತರರು ಕೆಮ್ಮುತ್ತ ಎಣಿಸುತ್ತಿದ್ದರು. ಮೇಟಿಗೆ ಹುಡುಗಿಯರು ಹಗ್ಗ ಕಟ್ಟಿ ಸುತ್ತು ಹಾರುತ್ತಿದ್ದರು. ಮುತ್ಯಾ ನನ್ನನ್ನು ಕಂಡಾಗಲೆಲ್ಲ ಕಂಬ ಯಾಕ ಅಂದಿದ್ರಿ ಎಂದು ಕೇಳುತ್ತಿದ್ದರು.

ಮರುವರ್ಷ ನನಗೆ ಎಕಂಬಾದ ಆಚೆ ಒಂದು ಊರಿಗೆ ಬದಲಿಯಾಯಿತು. ಇಲ್ಲಿ ಬಯಲೂ ಇದೆ, ಬಾಗಿಲೂ ತೆರೆದಿದೆ. ಮಕ್ಕಳು ಆಡುವುದಕ್ಕಿಂತ ಹೆಚ್ಚಾಗಿ ಓಡಿಹೋಗುತ್ತಾರೆ. ಆ ಗೀಟುಗಳದು ಬೇರೆ ಕತೆ. ದೊಡ್ಡ ಮಾಸ್ತರರಿಗೆ ಎರಡು ಕಾಗದ ಬರೆದೆ. ಜವಾಬು ಬಂತು, ಫಸಲಿ ತಾರೀಖಿನಲ್ಲಿ. ಯಾವಾಗ ಬರೆದದ್ದೆಂದು ಲೆಕ್ಕ ಹಾಕುವುದರಲ್ಲೇ ನನಗೆ ಒಂದು ಸಂಜೆ ಹೋಯಿತು. ಎಲ್ಲ ಕ್ಷೇಮ ಎಂದಷ್ಟೇ ಇತ್ತು, ಕುರ್ಚಿಯ ಮಾತಿರಲಿಲ್ಲ. ಅವರು ಈಗ ನಿವೃತ್ತರಾದರೆಂದು ಭಾಲ್ಕಿಯ ಸಂತೆಯಲ್ಲಿ ಯಾರೋ ಹೇಳಿದರು. ಅವರ ನಂತರ ಬಂದವರ ಬಗ್ಗೆ ನನಗೇನೂ ಗೊತ್ತಿಲ್ಲ. ಆ ದಾರಿಯಲ್ಲಿ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಹಾದುಹೋಗುವವರು ಯಾರಾದರೂ ಇದ್ದರೆ ದಯವಿಟ್ಟು ಒಂದು ಕಾರ್ಡು ಬರೆಯಿರಿ: ಈ ವರ್ಷ ಮಳೆ ನಿಂತ ಮೇಲೆ ಕಣ ಮಾಡಿದರೇ, ಬಾಗಿಲು ತೆರೆದಿದೆಯೇ, ಕುರ್ಚಿ ಎಲ್ಲಿದೆ, ಅದರ ಮುಖ ಯಾವ ಕಡೆಗಿದೆ. ಎಣಿಸಲು ಹೊತ್ತಿದ್ದರೆ ತಲೆಗಳನ್ನೂ ಎಣಿಸಿ ಬರೆಯಿರಿ. ತಾರೀಖು ಹಾಕುವುದನ್ನು ಮಾತ್ರ ಮರೆಯಬೇಡಿ, ಫಸಲಿಯಾದರೂ ನಡೆದೀತು.